ಮರಕ್ಕೂ ಸಲ್ಲದ, ಮಣ್ಣಿಗೂ ಒಗ್ಗದ ಚೆಲುವೆ

ಮಲೆನಾಡಿನ ಮನೆಗಳಲ್ಲಿ ಆರ್ಕಿಡ್ ಎಂದರೆ ಸೀತಾಳೆ ದಂಡೆ. ಮುಂಗಾರು ಹೊಸ್ತಿಲಿಗೆ ಬರುವ ಹೊತ್ತಿಗೆ ಹಲಸಿನದೋ ಮಾವಿನದೋ ಕೊಂಬೆಯಿಂದ ಅದರ ಬಿಳಿ-ನೇರಳೆ ಗೊಂಚಲು ಜೋತುಬೀಳುತ್ತದೆ. ಅದಕ್ಕೆ ಯಾರೂ ಮಣ್ಣು ಕೊಟ್ಟಿರುವುದಿಲ್ಲ, ಬುಡಕ್ಕೆ ಗೊಬ್ಬರ ಸುರಿದಿರುವುದಿಲ್ಲ. ಬೇರು ಅರ್ಧ ತೊಗಟೆಗೆ ಅಂಟಿದ್ದರೆ ಇನ್ನರ್ಧ ಗಾಳಿಯಲ್ಲಿ. ಮಳೆ ಬಂದಾಗ ನೆನೆಯುವುದು, ನಿಂತಾಗ ಒಣಗುವುದು, ಇಷ್ಟೇ ಅದರ ದಿನಚರಿ. ಇದನ್ನು ನೋಡಿ ಬೆಳೆದವರಿಗೆ ಆರ್ಕಿಡ್ ಎಂದರೆ ಮರದ ಗಿಡ, ಇದ್ದಿಲು ಮತ್ತು ಇಟ್ಟಿಗೆ ಚೂರು ತುಂಬಿದ ಬುಟ್ಟಿಯಲ್ಲಿ ನೇತುಹಾಕಿದರೆ ಬದುಕಿಕೊಳ್ಳುತ್ತದೆ ಎಂಬ ನಂಬಿಕೆ. ಡೆಂಡ್ರೋಬಿಯಮ್, ವಾಂಡಾಗಳ ಮಟ್ಟಿಗೆ ಅದು ತಪ್ಪೇನಲ್ಲ.

ಅದೇ ನಂಬಿಕೆಯಲ್ಲಿ ಸ್ಲಿಪ್ಪರ್ ಆರ್ಕಿಡ್ ಮನೆಗೆ ತಂದವರ ಗಿಡ ಕೆಲವೇ ತಿಂಗಳಲ್ಲಿ ಸೊರಗತೊಡಗುತ್ತದೆ. ಇನ್ನು ಕೆಲವರು, ಇದು ನೆಲದ ಆರ್ಕಿಡ್ ಅಂತೆ ಎಂದು ಕೇಳಿಕೊಂಡು, ಕೆಂಪುಮಣ್ಣು, ಎರೆಗೊಬ್ಬರ, ಕೋಕೋಪೀಟ್ ಕಲಸಿ ದಾಸವಾಳದ ಹಾಗೆ ನೆಟ್ಟುಬಿಡುತ್ತಾರೆ. ಅವರ ಗಿಡ ಇನ್ನೂ ಬೇಗ ಸಾಯುತ್ತದೆ. ಎರಡೂ ಮನೆಗಳಲ್ಲಿ ಕೊನೆಗೆ ಬರುವ ತೀರ್ಪು ಒಂದೇ: 'ನಮ್ಮ ಕೈಗೆ ಆರ್ಕಿಡ್ ಆಗಿಬರಲ್ಲ.' ಕೈಗುಣದ ಮೇಲೆ ಹಾಕುವ ಈ ಆರೋಪ ಬಹುಪಾಲು ಅನ್ಯಾಯದ್ದು. ತಪ್ಪು ಕುಂಡದೊಳಗಿರುತ್ತದೆ.

ಸ್ಲಿಪ್ಪರ್ ಆರ್ಕಿಡ್ ಎಂದು ಮಾರುಕಟ್ಟೆಯಲ್ಲಿ ಸಿಗುವುದು ಹೆಚ್ಚಾಗಿ ಪ್ಯಾಫಿಯೋಪೆಡಿಲಮ್ ಕುಲದ ಗಿಡ. ಬೆಳೆಗಾರರ ಬಾಯಲ್ಲಿ ಅದು ಬರೀ 'ಪ್ಯಾಫ್'. ಈ ಕುಲವನ್ನು 1886ರಲ್ಲಿ ಪ್ರತ್ಯೇಕಿಸಿ ಹೆಸರಿಟ್ಟವರು ಜರ್ಮನಿಯ ಸಸ್ಯವಿಜ್ಞಾನಿ ಅರ್ನ್ಸ್ಟ್ ಫಿಟ್ಸರ್. ಸೈಪ್ರಸ್ ದ್ವೀಪದಲ್ಲಿ ಪ್ರೇಮದೇವತೆ ಆಫ್ರೊಡೈಟಿಯ ಕ್ಷೇತ್ರವಾದ ಪ್ಯಾಫೋಸ್, ಅದರ ಜತೆಗೆ ಗ್ರೀಕ್ ಭಾಷೆಯ ಚಪ್ಪಲಿ. ಎರಡೂ ಸೇರಿ ಹೆಸರಾಯಿತು. ಹೂವಿನ ತುಟಿದಳ ಜರಿಜೋಡಿನ ಮೂತಿಯಂತೆ ಮುಂದಕ್ಕೆ ಉಬ್ಬಿಕೊಂಡಿರುತ್ತದೆ. ಮೋಸಹೋಗಿ ಅದರೊಳಗೆ ಬಿದ್ದ ನೊಣ, ಜಾರುವ ಗೋಡೆ ಹತ್ತಲಾರದೆ ಹಿಂಬದಿಯ ಇಕ್ಕಟ್ಟಾದ ದಾರಿಯಲ್ಲಿ ನುಸುಳಿ ಹೊರಬರುವಾಗ ಬೆನ್ನಿಗೆ ಪರಾಗ ಮೆತ್ತಿಸಿಕೊಂಡಿರುತ್ತದೆ. ಮಕರಂದ ಮಾತ್ರ ಸಿಕ್ಕಿರುವುದಿಲ್ಲ.

ಇವುಗಳ ತವರು ಹಿಮಾಲಯದ ತಪ್ಪಲು, ಈಶಾನ್ಯ ಭಾರತ, ದಕ್ಷಿಣ ಚೀನಾ. ಅಲ್ಲಿಂದ ಆಗ್ನೇಯ ಏಷ್ಯಾ ಹಾದು ನ್ಯೂಗಿನಿ, ಸಾಲೊಮನ್ ದ್ವೀಪಗಳವರೆಗೆ. ಕುಂಡಕ್ಕೆ ಏನು ತುಂಬಬೇಕು ಎಂಬುದಕ್ಕೆ ಉತ್ತರವೂ ಅಲ್ಲೇ ಇದೆ. ಬಹುಪಾಲು ಪ್ಯಾಫ್‌ಗಳು ಕಾಡಿನ ನೆಲದಲ್ಲಿ ಬೆಳೆಯುತ್ತವೆ, ಆದರೆ ಮಣ್ಣಿನಲ್ಲಿ ಅಲ್ಲ. ಮಣ್ಣಿನ ಮೇಲೆ ಉದುರಿ ಅರೆಕೊಳೆತ ಎಲೆ, ಮುರಿದ ಕಡ್ಡಿ, ಪಾಚಿ, ಬಂಡೆಯ ಬಿರುಕಿನಲ್ಲಿ ಕೂಡಿಕೊಂಡ ಕಸ, ಇವೇ ಅವುಗಳ ನೆಲೆ. ಅಡಿಕೆ ತೋಟದಲ್ಲಿ ದರಗು ಕೆದಕಿ ನೋಡಿದವರಿಗೆ ಆ ಪದರದ ಸ್ವಭಾವ ಗೊತ್ತು. ಬೆರಳಿಗೆ ತಂಪು ತಾಗುತ್ತದೆ, ಹಿಂಡಿದರೆ ನೀರು ಇಳಿಯುವುದಿಲ್ಲ, ಗಾಳಿ ಸಲೀಸಾಗಿ ಆಡುತ್ತದೆ. ಸದಾ ಪಸೆ, ಎಂದೂ ಕೆಸರಲ್ಲ. ಈ ದರಗಿನ ಪದರವನ್ನು ನಾಲ್ಕು ಅಂಗುಲದ ಕುಂಡದಲ್ಲಿ ಮರುಸೃಷ್ಟಿಸುವುದೇ ಒಳಾಂಗಣ ಬೆಳೆಗಾರನ ಕೆಲಸ.

ಗಿಡದ ಮೈಕಟ್ಟೂ ಇದನ್ನೇ ಹೇಳುತ್ತದೆ. ಡೆಂಡ್ರೋಬಿಯಮ್‌ಗೆ ಕಬ್ಬಿನ ಜಲ್ಲೆಯಂಥ ದಪ್ಪ ಕಾಂಡವಿದೆ. ಹದಿನೈದು ದಿನ ನೀರು ಮರೆತರೂ ಅದರಲ್ಲಿ ಕೂಡಿಟ್ಟಿದ್ದನ್ನು ತಿಂದುಕೊಂಡು ಕಾಯುತ್ತದೆ. ಪ್ಯಾಫ್‌ಗೆ ಅಂಥ ಗೆಡ್ಡೆಯೂ ಇಲ್ಲ, ಜಲ್ಲೆಯೂ ಇಲ್ಲ. ಬೀಸಣಿಗೆಯಂತೆ ಹರಡಿದ ಐದಾರು ಎಲೆ, ಕೆಳಗೆ ಬೆರಳಲ್ಲಿ ಎಣಿಸುವಷ್ಟು ಬೇರು. ಆ ಬೇರುಗಳ ಮೇಲೆ ಕಂದು ಬಣ್ಣದ ನವಿರಾದ ರೋಮ. ಕೈಗೆತ್ತಿಕೊಂಡರೆ ಕಂಬಳಿ ನೂಲು ಹಿಡಿದಂತಿರುತ್ತದೆ. ಸುತ್ತಲಿನ ಕಣಗಳಿಗೆ ಅಂಟಿಕೊಂಡು ಪಸೆ ಹೀರುವುದು ಆ ರೋಮ. ಇಂಥ ಬೇರು ಮುರಿದರೆ ಅಲ್ಲಿಂದ ಕವಲೊಡೆಯುವುದು ಅಪರೂಪ. ಇರುವ ನಾಲ್ಕರಲ್ಲಿ ಎರಡು ಕೊಳೆತರೆ ಗಿಡದ ಅರ್ಧ ಆಸ್ತಿ ಹೋದಂತೆ.

ಹಾಗಾದರೆ ನೀರು ಬಸಿದು ಹೋಗಲಿ ಎಂದು ಕುಂಡದ ತಳಕ್ಕೆ ಹೆಂಚಿನ ಚೂರು ಹಾಕಿದರಾಯಿತಲ್ಲ? ನಮ್ಮ ಕೈತೋಟಗಳಲ್ಲಿ ತಲೆಮಾರುಗಳಿಂದ ನಡೆದುಬಂದ ರೂಢಿ ಇದು. ಇದನ್ನು ಪರೀಕ್ಷಿಸಲು ಪಾತ್ರೆ ತೊಳೆಯುವ ಸ್ಪಂಜು ಸಾಕು. ಅದನ್ನು ಪೂರ್ತಿ ನೆನೆಸಿ, ಅಂಗೈ ಮೇಲೆ ಅಡ್ಡಲಾಗಿ ಹಿಡಿದು, ತೊಟ್ಟಿಕ್ಕುವುದು ನಿಲ್ಲುವವರೆಗೆ ಕಾಯಬೇಕು. ಈಗ ಹಿಂಡದೆ, ಅದನ್ನು ಉದ್ದಕ್ಕೆ ನಿಲ್ಲಿಸಿ ಹಿಡಿದರೆ ಮತ್ತೆ ನೀರು ಸುರಿಯುತ್ತದೆ. ಮೊದಲ ಸಲವೇ ಎಲ್ಲ ಬಸಿಯಿತು ಅಂದುಕೊಂಡಿದ್ದು ಸುಳ್ಳು. ಸಣ್ಣ ರಂಧ್ರಗಳು ನೀರನ್ನು ಎಳೆದಿಟ್ಟುಕೊಳ್ಳುತ್ತವೆ, ತಳದಲ್ಲಿ ಒಂದು ಎತ್ತರದವರೆಗೆ ನೀರು ಇಳಿಯದೆ ನಿಲ್ಲುತ್ತದೆ. ಕುಂಡದಲ್ಲೂ ಹೀಗೇ. ತಳಕ್ಕೆ ಹೆಂಚು ಹಾಕಿದರೆ ಆ ಒದ್ದೆ ಪದರ ಮಾಯವಾಗುವುದಿಲ್ಲ, ಹೆಂಚಿನ ಮೇಲಕ್ಕೆ ಏರಿ ಬೇರಿಗೆ ಇನ್ನಷ್ಟು ಹತ್ತಿರವಾಗುತ್ತದೆ. ಒದ್ದೆ ಪದರ ತೆಳುವಾಗಬೇಕಾದರೆ ಮಿಶ್ರಣದ ಕಣವೇ ದಪ್ಪಗಾಗಬೇಕು. ಹಾಗಾಗಿ ಪ್ಯಾಫ್ ವಿಷಯದಲ್ಲಿ ಮಿಶ್ರಣಕ್ಕೆ ಏನು ಹಾಕಿದಿರಿ ಎಂಬುದಕ್ಕಿಂತ ಎಷ್ಟು ದಪ್ಪದ್ದು ಹಾಕಿದಿರಿ ಎಂಬ ಪ್ರಶ್ನೆ ದೊಡ್ಡದು. ಎಳೆ ಸಸಿಗೆ 3ರಿಂದ 6 ಮಿಲಿಮೀಟರ್, ಹೂ ಬಿಡುವ ಗಿಡಕ್ಕೆ 6ರಿಂದ 12 ಮಿಲಿಮೀಟರ್ ಗಾತ್ರದ ಚೂರು ಹೊಂದುತ್ತದೆ. ಕಡಲೆಬೇಳೆಯಿಂದ ಹಿಡಿದು ಅಡಿಕೆ ಹೋಳಿನವರೆಗೆ ಎಂದುಕೊಂಡರೆ ಸರಿ. ನರ್ಸರಿಗಳು 'ಆರ್ಕಿಡ್ ಮಿಕ್ಸ್' ಎಂದು ಕೊಡುವ ಪೊಟ್ಟಣದಲ್ಲಿ ಲಿಂಬೆಗಾತ್ರದ ಇದ್ದಿಲು, ಇಟ್ಟಿಗೆ ತುಂಡು ಇರುತ್ತವೆ. ಅದು ಪ್ಯಾಫ್‌ಗೆ ಒರಟು. ಕೋಕೋಪೀಟ್ ಪುಡಿ ಮತ್ತೊಂದು ತುದಿ. ಅದರಲ್ಲಿ ಗಾಳಿಗೆ ಎಡೆಯೇ ಇಲ್ಲ.

ಈ ಹದ ಹುಡುಕುವ ಪಾಡು ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ನಥಾನಿಯಲ್ ವಾಲಿಚ್ ಅವರ ಮೂಲಕ ನಮ್ಮ ಈಶಾನ್ಯದ ವೆನಸ್ಟಮ್, ಇನ್‌ಸಿಗ್ನೆ ಪ್ರಭೇದಗಳು ಇಂಗ್ಲೆಂಡಿನ ಗಾಜಿನ ಮನೆ ಸೇರಿದವು. 1869ರಲ್ಲಿ ವೀಚ್ ನರ್ಸರಿಯಲ್ಲಿ ಮೊದಲ ಪ್ಯಾಫ್ ಮಿಶ್ರತಳಿ 'ಹ್ಯಾರಿಸಿಯಾನಮ್' ಅರಳಿತು. ಆಗಿನ ಮಾಲಿಗಳು ನಾರುಭರಿತ ಪೀಟ್, ಪಾಚಿ, ಆಸ್ಮಂಡಾ ಜರೀಗಿಡದ ಬೇರಿನ ನಾರುಗಳನ್ನು ನಂಬಿಕೊಂಡಿದ್ದರು. ಆ ನಾರನ್ನು ಕುಂಡಕ್ಕೆ ಬಿಗಿಯಾಗಿ ಗಿಡಿಯುವುದೇ ಒಂದು ಕಸುಬು. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಆಸ್ಮಂಡಾ ದುಬಾರಿಯಾಗುತ್ತ ಬಂದಂತೆ, ಅಮೆರಿಕದ ಬೆಳೆಗಾರರು ಮರದ ಮಿಲ್ಲುಗಳಲ್ಲಿ ಕಸವಾಗಿ ಬಿದ್ದಿದ್ದ ಫರ್ ಮರದ ತೊಗಟೆಗೆ ಕೈಹಾಕಿದರು. ಅಂದು ಕಸವಾಗಿದ್ದ ಮರದ ತೊಗಟೆಯೇ ಇಂದು ಜಗತ್ತಿನಾದ್ಯಂತ ಪ್ಯಾಫ್ ಮಿಶ್ರಣದ ಮೂಲ ಪದಾರ್ಥ.

ಭಾರತದಲ್ಲಿ ಸುಲಭವಾಗಿ ಸಿಗುವುದು ಹಿಮಾಲಯದ ಚಿರ್ ಪೈನ್ ಮರದ ತೊಗಟೆ. ಸ್ವಲ್ಪ ಹೆಚ್ಚು ದುಡ್ಡು ಕೊಟ್ಟರೆ ನ್ಯೂಜಿಲೆಂಡಿನ ರೇಡಿಯೇಟಾ ಪೈನ್ ತೊಗಟೆ 'ಆರ್ಕಿಯಾಟಾ' ಹೆಸರಿನಲ್ಲಿ ಬರುತ್ತದೆ. ಹದವಾಗಿ ಹಣ್ಣಾಗಿಸಿ, ಗಾತ್ರವಾರು ಸೋಸಿ, ಹುಳಿ ತಗ್ಗಿಸಲು ಡಾಲಮೈಟ್ ಲೇಪಿಸಿದ್ದು ಅದು. ಸ್ಥಳೀಯ ತೊಗಟೆ ಕೊಂಡವರು ಜರಡಿ ಹಿಡಿದು ಪುಡಿ ಬೇರ್ಪಡಿಸಿ, ಒಂದು ರಾತ್ರಿ ನೆನೆಸಿ ಬಳಸಿದರೆ ನಷ್ಟವಿಲ್ಲ. ಒಣ ತೊಗಟೆ ಮೊದಮೊದಲು ನೀರನ್ನೇ ಮುಟ್ಟಿಸಿಕೊಳ್ಳುವುದಿಲ್ಲ. ಮೇಲಿಂದ ಸುರಿದದ್ದು ಪಕ್ಕದಿಂದ ಜಾರಿ ಹೋಗಿರುತ್ತದೆ, ನೀರು ಹಾಕಿದೆವೆಂಬ ಸಮಾಧಾನ ಮಾತ್ರ ಉಳಿಯುತ್ತದೆ. ಇನ್ನೊಂದು ಸೂಕ್ಷ್ಮವೂ ಇದೆ. ತೊಗಟೆ ಕೊಳೆಯುವಾಗ ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ಗಿಡಕ್ಕೆ ಸಲ್ಲಬೇಕಾದ ಸಾರಜನಕವನ್ನು ತಾವೇ ಎತ್ತಿಕೊಳ್ಳುತ್ತವೆ. ತೊಗಟೆಯಲ್ಲಿ ಬೆಳೆದ ಗಿಡದ ಎಲೆ ಬಿಳಿಚಿದರೆ ರೋಗವೇ ಇರಬೇಕೆಂದಿಲ್ಲ, ಹಸಿವೂ ಇರಬಹುದು.

ತೊಗಟೆಯ ಜತೆಗೆ ಬೆರೆಯುವ ಎರಡನೆಯದು ಪರ್ಲೈಟ್. ಜ್ವಾಲಾಮುಖಿಯ ಗಾಜಿನಂಥ ಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಒಡ್ಡಿದಾಗ ಒಳಗಿನ ನೀರಿನಂಶ ಆವಿಯಾಗಿ ಕಲ್ಲು ಮಂಡಕ್ಕಿಯ ಹಾಗೆ ಅರಳುತ್ತದೆ. ಕೊಳೆಯದು, ಹಗುರ, ಗಾಳಿಗೆ ಜಾಗ ಬಿಡುತ್ತದೆ. ಸುರಿಯುವ ಮೊದಲು ನೀರು ಚಿಮುಕಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳುವುದು ಒಳ್ಳೆಯದು. ಅದರ ದೂಳು ಎದೆಗೆ ಹಿತವಲ್ಲ. ಮೂರನೆಯದು ಇದ್ದಿಲು. ಇದೂ ಬೇಗ ಕೊಳೆಯದು. ಅಂಗಡಿಯ ಬಾರ್ಬೆಕ್ಯೂ ಬಿಲ್ಲೆ ಮಾತ್ರ ಬೇಡ, ಅದರಲ್ಲಿ ಅಂಟು, ರಾಸಾಯನಿಕ ಸೇರಿರಬಹುದು. ಇಸ್ತ್ರಿ ಪೆಟ್ಟಿಗೆಗೆ ತುಂಬುವ ಸೌದೆ ಇದ್ದಿಲು ಕುಟ್ಟಿಕೊಂಡರೆ ಆಯಿತು. ನಾಲ್ಕನೆಯದು ಸ್ಫ್ಯಾಗ್ನಮ್ ಪಾಚಿ. ತನ್ನ ಒಣತೂಕದ ಸುಮಾರು ಇಪ್ಪತ್ತು ಪಟ್ಟು ನೀರು ಹೀರಬಲ್ಲ ಈ ಪಾಚಿಯನ್ನು ಮೊದಲ ಮಹಾಯುದ್ಧದಲ್ಲಿ ಗಾಯದ ಮೇಲೆ ಹತ್ತಿಯ ಬದಲು ಕಟ್ಟುತ್ತಿದ್ದರು. ಕುಂಡದಲ್ಲಿ ಇದು ಉಪ್ಪಿನಕಾಯಿಯಂತೆ, ತಟ್ಟೆಯ ಮೂಲೆಯಲ್ಲಿ ಇರಬೇಕೇ ಹೊರತು ಊಟವೇ ಅದಾಗಬಾರದು.

ತೆಂಗಿನ ನಾಡಿನಲ್ಲಿ ಕುಳಿತು ನ್ಯೂಜಿಲೆಂಡಿನ ತೊಗಟೆ ತರಿಸಬೇಕೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ತುಮಕೂರು ಜಿಲ್ಲೆಯ ರಸ್ತೆ ಬದಿಯಲ್ಲಿ ಸಿಪ್ಪೆಯ ರಾಶಿಗಳನ್ನು ನೋಡಿದವರಿಗೆ ಈ ಆಸೆ ಬರದಿದ್ದರೆ ಆಶ್ಚರ್ಯ. ತೆಂಗಿನ ಸಿಪ್ಪೆಯನ್ನು ಸಣ್ಣ ಚೌಕಗಳಾಗಿ ಕತ್ತರಿಸಿದ ಚಿಪ್ಸ್ ಪ್ಯಾಫ್‌ಗೆ ನಿಜಕ್ಕೂ ಒಗ್ಗುತ್ತದೆ. ತೊಗಟೆಗಿಂತ ಹೆಚ್ಚು ಪಸೆ ಹಿಡಿಯುತ್ತದೆ, ಒಣಗಿದರೂ ಮತ್ತೆ ಸುಲಭವಾಗಿ ನೆನೆಯುತ್ತದೆ. ತೊಡಕಿರುವುದು ಉಪ್ಪಿನಲ್ಲಿ. ಸಿಪ್ಪೆಯಲ್ಲಿ ಸೋಡಿಯಂ, ಪೊಟ್ಯಾಸಿಯಂ ಲವಣಗಳು ಸಹಜವಾಗಿಯೇ ಇರುತ್ತವೆ; ಹಿನ್ನೀರಿನಲ್ಲಿ ನೆನೆಹಾಕಿದ ಸಿಪ್ಪೆಯಾದರೆ ಇನ್ನೂ ಹೆಚ್ಚು. ಉಪ್ಪು ಕಂಡರೆ ಪ್ಯಾಫ್ ಬೇರಿನ ತುದಿ ಸುಟ್ಟು ಕಪ್ಪಾಗುತ್ತದೆ.

ಅದಕ್ಕೆ ಅನುಭವಿಗಳು ಮಾಡುವ ಉಪಾಯ ಹೀಗಿದೆ. ಚಿಪ್ಸ್ ಅನ್ನು ಬಕೆಟ್ಟಿನಲ್ಲಿ ಒಂದು ದಿನ ನೆನೆಹಾಕುತ್ತಾರೆ. ಮರುದಿನ ನೀರು ಚಹದ ಡಿಕಾಕ್ಷನ್‌ನಂತೆ ಕಂದಾಗಿರುತ್ತದೆ. ಅದನ್ನು ಚೆಲ್ಲಿ ಹೊಸ ನೀರು, ಮತ್ತೆ ಒಂದು ದಿನ. ಮೂರು-ನಾಲ್ಕು ಸಲ ಹೀಗಾದ ಮೇಲೆ, ಕುಡಿಯುವ ನೀರು ಪರೀಕ್ಷಿಸುವ ಟಿಡಿಎಸ್ ಮೀಟರನ್ನು ಬಕೆಟ್ಟಿಗೆ ಅದ್ದುತ್ತಾರೆ. ನಲ್ಲಿಯ ನೀರಿನ ಅಂಕಿಗೂ ಬಕೆಟ್ಟಿನ ಅಂಕಿಗೂ ಹೆಚ್ಚು ಅಂತರ ಕಾಣದಿದ್ದರೆ ಸಿಪ್ಪೆ ಸಿದ್ಧ. ಇನ್ನೂ ಅಚ್ಚುಕಟ್ಟಿನವರು ಕೊನೆಯ ಸುತ್ತಿಗೆ ನೀರಿನಲ್ಲಿ ಚೂರು ಕ್ಯಾಲ್ಸಿಯಂ ನೈಟ್ರೇಟ್ ಕರಗಿಸುತ್ತಾರೆ. ತೆಂಗಿನ ನಾರು ಸೋಡಿಯಂ, ಪೊಟ್ಯಾಸಿಯಂಗಳನ್ನು ಬಿಗಿಯಾಗಿ ಹಿಡಿದಿರುತ್ತದೆ. ಬರೀ ನೀರಿಗೆ ಬಿಡದ್ದನ್ನು ಕ್ಯಾಲ್ಸಿಯಂ ಬಂದಾಗ ಬಿಟ್ಟುಕೊಡುತ್ತದೆ. ಇಷ್ಟು ತಾಳ್ಮೆ ಇಲ್ಲದವರು ತೊಗಟೆಯನ್ನೇ ಕೊಳ್ಳುವುದು ಜಾಣತನ.

ಇನ್ನು ಅಳತೆಯ ಮಾತು. ಪ್ಯಾಫ್ ಮಿಶ್ರಣ ಒಂದೊಂದು ಮನೆಯ ಸಾರಿನ ಪುಡಿ ಇದ್ದಂತೆ, ಎಲ್ಲರದ್ದೂ ಶಾಸ್ತ್ರೋಕ್ತ, ಯಾರದ್ದೂ ಒಂದೇ ಅಲ್ಲ. ಬೆಂಗಳೂರಿನ ಫ್ಲ್ಯಾಟಿನಲ್ಲಿ, ಪೂರ್ವದ ಕಿಟಕಿಯ ಬಳಿ, ವಾರಕ್ಕೆ ಎರಡು ಸಲ ನೀರು ಹಾಕುವವರಿಗೆ ನಾಲ್ಕು ಲೋಟ ತೊಗಟೆ, ಒಂದು ಲೋಟ ಪರ್ಲೈಟ್, ಒಂದು ಲೋಟ ಇದ್ದಿಲು, ಕತ್ತರಿಸಿದ ಪಾಚಿ ಒಂದು ಹಿಡಿ, ಇದು ಆರಂಭಕ್ಕೆ ಒಪ್ಪುವ ಲೆಕ್ಕ. ಸುಮಾರು 920 ಮೀಟರ್ ಎತ್ತರದ ಆ ಊರಿನ ಹವೆ ಪ್ಯಾಫ್‌ಗಳಿಗೆ ಹೇಳಿಮಾಡಿಸಿದಂತಿದೆ. ಚಳಿಗಾಲದ ರಾತ್ರಿ 15 ಡಿಗ್ರಿ ಆಸುಪಾಸಿಗೆ ಇಳಿಯುವುದು ತಂಪು ಬಯಸುವ ಹಸಿರೆಲೆಯ ತಳಿಗಳಿಗೆ ಹೂವಿನ ಸೂಚನೆಯೂ ಹೌದು.

ಅದೇ ಲೆಕ್ಕವನ್ನು ಮಂಗಳೂರಿಗೆ ಒಯ್ದರೆ ಜೂನ್-ಜುಲೈ ಹೊತ್ತಿಗೆ ಬೇರು ಕೊಳೆಯುತ್ತದೆ. ಗೋಡೆಯೇ ಬೆವರುವ ಮಳೆಗಾಲದಲ್ಲಿ ಕುಂಡ ಒಣಗುವುದಾದರೂ ಹೇಗೆ? ಅಲ್ಲಿ ಪಾಚಿ ಬೇಡವೇ ಬೇಡ. ತೊಗಟೆಯ ಗಾತ್ರ ಒಂದು ಮಟ್ಟ ಏರಲಿ, ಪರ್ಲೈಟ್ ದುಪ್ಪಟ್ಟಾಗಲಿ, ಪ್ಲಾಸ್ಟಿಕ್ಕಿನ ಬದಲು ಉಸಿರಾಡುವ ಮಣ್ಣಿನ ಕುಂಡ ಬರಲಿ. ಕಲಬುರಗಿ, ರಾಯಚೂರುಗಳಲ್ಲಿ ಲೆಕ್ಕ ತಿರುವುಮುರುವು. ಏಪ್ರಿಲ್-ಮೇ ತಿಂಗಳ 40 ಡಿಗ್ರಿ ದಾಟುವ ಒಣಬಿಸಿಲಿಗೆ ಮಣ್ಣಿನ ಕುಂಡ ಮಧ್ಯಾಹ್ನದೊಳಗೆ ಒಣಗಿ ಕೂರುತ್ತದೆ. ಅಲ್ಲಿ ಪ್ಲಾಸ್ಟಿಕ್ ಕುಂಡ, ಎರಡು ಹಿಡಿ ಪಾಚಿ, ತೆಂಗಿನ ಚಿಪ್ಸ್ ಬಳಸಿದರೂ ಬೇಸಿಗೆ ಕಷ್ಟವೇ.

ಊರಿಗಿಂತ ಹೆಚ್ಚು ಗಮನಿಸಬೇಕಾದ್ದು ನೀರೆರೆಯುವ ಕೈಯನ್ನು. ದಿನಾ ಬೆಳಿಗ್ಗೆ ಗಿಡ ಕಂಡರೆ ಚೊಂಬು ಹಿಡಿಯುವವರು ದಪ್ಪ ಮಿಶ್ರಣ ಆರಿಸಿಕೊಳ್ಳಬೇಕು, ಭಾನುವಾರ ಮಾತ್ರ ಗಿಡ ನೆನಪಾಗುವವರು ಸಣ್ಣದನ್ನು. ಒಳಗೆ ಪಸೆ ಇದೆಯೋ ಇಲ್ಲವೋ ತಿಳಿಯಲು ಉರಿದು ಉಳಿದ ಊದುಬತ್ತಿ ಕಡ್ಡಿಯಷ್ಟು ಒಳ್ಳೆಯ ಸಾಧನ ಇನ್ನೊಂದಿಲ್ಲ. ಕುಂಡದ ಅಂಚಿನಲ್ಲಿ ಬೇರಿಗೆ ತಾಗದಂತೆ ಚುಚ್ಚಿ, ಹತ್ತು ನಿಮಿಷ ಬಿಟ್ಟು ಎಳೆದು ತುಟಿಗೆ ತಾಗಿಸಿ ನೋಡಬೇಕು. ತಂಪೆನಿಸಿದರೆ ಚೊಂಬು ಕೆಳಗಿಡಬೇಕು.

ಬೋರ್‌ವೆಲ್ ನೀರಿನ ಮನೆಗಳಲ್ಲಿ ಮಿಶ್ರಣ ಬೇಗ ಕೆಡುತ್ತದೆ. ಕುಂಡದ ಅಂಚಿನಲ್ಲಿ ಬಿಳಿ ಪೊರೆ ಕಟ್ಟುವುದು ಅದರ ಗುರುತು. ಮಳೆನೀರು ಹಿಡಿದಿಟ್ಟುಕೊಂಡರೆ ಅದಕ್ಕಿಂತ ಒಳ್ಳೆಯದಿಲ್ಲ. ತಿಂಗಳಿಗೊಮ್ಮೆ ಆ ನೀರನ್ನೇ ಧಾರಾಳವಾಗಿ ಹರಿಸಿದರೆ ಕೂಡಿದ ಲವಣ ತೊಳೆದುಹೋಗುತ್ತದೆ. ಗೊಬ್ಬರವೂ ಅಷ್ಟೇ, ಡಬ್ಬಿಯ ಮೇಲೆ ಬರೆದಿದ್ದರ ಕಾಲು ಭಾಗ ಸಾಕು.

ಇಲ್ಲೊಂದು ಒಳಸುಳಿ ಇದೆ. ಸುಣ್ಣ ಕಂಡರೆ ಹಿಗ್ಗುವ ಪ್ಯಾಫ್‌ಗಳೂ ಇವೆ. ಥಾಯ್ಲೆಂಡ್, ಮಲೇಷ್ಯಾದ ಕಡಲಂಚಿನ ಸುಣ್ಣಕಲ್ಲಿನ ಬಂಡೆಗಳಲ್ಲಿ ಬೆಳೆಯುವ ಬಿಳಿಹೂವಿನ ನಿವಿಯಮ್, ಅದರ ಬಳಗದ ಕಾನ್‌ಕಲರ್, ಬೆಲ್ಲಾಟ್ಯುಲಮ್ ಇಂಥವು. ಇವುಗಳ ಮಿಶ್ರಣಕ್ಕೆ ಕುಟ್ಟಿದ ಚಿಪ್ಪು ಒಂದು ಚಮಚ ಸೇರಿಸುವುದು ರೂಢಿ. ಕರಾವಳಿಯವರಿಗೆ ಮರುವಾಯಿ ಸಾರು ಮಾಡಿದ ದಿನ ಇದು ಬಿಟ್ಟಿ ಸಿಗುತ್ತದೆ, ಉಪ್ಪು ಹೋಗುವಂತೆ ತೊಳೆದರಾಯಿತು. ಹಾಗೆಂದು ಎಲ್ಲ ಪ್ಯಾಫ್‌ಗೂ ಚಿಪ್ಪು ಸುರಿಯಬಾರದು. ಮರವೇರಿ ಬೆಳೆಯುವ ವಿಲೋಸಮ್‌ನಂಥವಕ್ಕೆ ಅದು ಬೇಕಿಲ್ಲ. ಹೆಸರಿನ ಚೀಟಿ ಓದದೆ ಮಿಶ್ರಣ ಕಲಸಬಾರದು ಎನ್ನುವುದು ಇದಕ್ಕೇ. ಚೀಟಿಯಲ್ಲಿ ಫ್ರಾಗ್ಮಿಪೀಡಿಯಮ್ ಎಂದಿದ್ದರಂತೂ ಅದು ದಕ್ಷಿಣ ಅಮೆರಿಕ ಕಡೆಯ ಬೇರೆಯೇ ಸ್ಲಿಪ್ಪರ್. ಅದರಲ್ಲಿ ಹಲವು ತೊರೆಯ ಬದಿಯಲ್ಲಿ ಬೆಳೆದು, ತಟ್ಟೆಯಲ್ಲಿ ನಿಂತ ನೀರನ್ನೂ ಸಹಿಸುತ್ತವೆ.

ಮೊದಲ ಸಲ ಕೈಹಾಕುವವರಿಗೆ ಯಾವ ಪ್ರಭೇದವೂ ಬೇಡ, 'ಮೌಡಿಯೇ' ಜಾತಿಯ ಮಿಶ್ರತಳಿ ಸಾಕು. 1900ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್‌ವರ್ತ್ ನರ್ಸರಿ ಕ್ಯಾಲೋಸಮ್ ಮತ್ತು ಲಾರೆನ್ಸಿಯಾನಮ್ ಪ್ರಭೇದಗಳನ್ನು ಕೂಡಿಸಿ ಪಡೆದ ಈ ತಳಿಯ ವಂಶ ಇಂದಿಗೂ ಜಗತ್ತಿನ ಕಿಟಕಿಗಳನ್ನು ಆಳುತ್ತಿದೆ. ಹಾವಿನ ಮೈಯಂತೆ ಚುಕ್ಕೆಗಟ್ಟಿದ ಎಲೆ ಹೂವಿಲ್ಲದಾಗಲೂ ಚೆಂದ, ಹೂವು ಬಂದರೆ ಆರೆಂಟು ವಾರ ಬಾಡದು. ಬೆಲೆ ಹೆಚ್ಚೆಂದು ಗೊಣಗುವವರಿಗೆ ಒಂದು ಮಾತು. ಫೆಲನಾಪ್ಸಿಸ್‌ನಂತೆ ಅಂಗಾಂಶ ಕೃಷಿಯಲ್ಲಿ ಸಾವಿರಗಟ್ಟಲೆ ಅಚ್ಚೊತ್ತುವುದು ಪ್ಯಾಫ್‌ನಲ್ಲಿ ವಾಣಿಜ್ಯ ಮಟ್ಟದಲ್ಲಿ ಕೈಗೂಡಿಲ್ಲ. ಬಹುತೇಕ ಪ್ರತಿ ಗಿಡವೂ ಬೀಜದಿಂದಲೋ ಬುಡ ಸೀಳಿಯೋ ಬಂದದ್ದು.

ಕುಂಡ ಬದಲಿಸುವ ದಿನವೇ ನಿಜವಾದ ಪರೀಕ್ಷೆ. ಗಿಡವನ್ನು ಬಗ್ಗಿಸಿ, ಕುಂಡದ ಗೋಡೆಗೆ ಎರಡು ಬಡಿದರೆ ಹೂರಣ ಕೈಗೆ ಬರುತ್ತದೆ. ಮೂಗಿನ ಹತ್ತಿರ ಹಿಡಿದಾಗ ಮಳೆ ನಿಂತ ಕಾಡಿನ ಘಮ ಬಂದರೆ ಚಿಂತೆಯಿಲ್ಲ. ಹುಳಿವಾಸನೆ, ಚರಂಡಿ ವಾಸನೆ ಬಂದರೆ ತೊಗಟೆ ಕೊಳೆತು ಗಾಳಿ ಕಟ್ಟಿದೆ ಎಂದರ್ಥ. ಬೇರನ್ನು ಎರಡು ಬೆರಳ ನಡುವೆ ಮೆಲ್ಲಗೆ ಎಳೆದು ನೋಡಬೇಕು. ಗಟ್ಟಿಯಾಗಿದ್ದರೆ ಬಣ್ಣ ಎಷ್ಟೇ ಕಂದಾಗಿದ್ದರೂ ಜೀವ ಇದೆ. ಹೊರಪೊರೆ ಕಾಲುಚೀಲದಂತೆ ಕಳಚಿ ಒಳಗಿನ ನೂಲು ಮಾತ್ರ ಉಳಿದರೆ ಅದು ಹೋಯಿತು, ಕತ್ತರಿಸಬೇಕು. ಹೊಸ ಕುಂಡ ಬೇರಿನ ಅಳತೆಗೆ ತಕ್ಕಷ್ಟೇ ಇರಲಿ. ಬೆಳೆಯಲಿ ಎಂದು ದೊಡ್ಡ ಕುಂಡ ಕೊಡುವ ತಾಯ್ತನ ಇಲ್ಲಿ ಕೆಲಸಕ್ಕೆ ಬಾರದು, ಬೇರು ತಲುಪದ ಜಾಗ ಒದ್ದೆಯಾಗಿಯೇ ಉಳಿದು ಕೊಳೆಯುತ್ತದೆ. ಹೊಸ ಬೇರು ಎಲೆಯ ಬುಡದಿಂದ ಹೊರಡುವುದರಿಂದ ಆ ಬುಡ ಮಿಶ್ರಣದೊಳಗೆ ಒಂದು ಸೆಂಟಿಮೀಟರಿನಷ್ಟು ಹುದುಗಿರಬೇಕು. ಮೇಲೆ ತೇಲಿಸಿ ನೆಟ್ಟರೆ ಹೊಸ ಬೇರು ಗಾಳಿಗೆ ಒಣಗಿ ಮೊಂಡಾಗುತ್ತದೆ.

ಕೆಲವೊಮ್ಮೆ ಎಷ್ಟು ಒಳ್ಳೆಯ ಮಿಶ್ರಣವೂ ಗಿಡವನ್ನು ಉಳಿಸಲಾರದು. ಕಾಡಿನಿಂದ ಕಿತ್ತು ತಂದ ಗಿಡ ಅಂಥದ್ದು. ದಕ್ಷಿಣ ಭಾರತಕ್ಕೆ ಇರುವುದು ಒಂದೇ ಸ್ಲಿಪ್ಪರ್ ಆರ್ಕಿಡ್: ಅಗಸ್ತ್ಯಮಲೆಯ ಹುಲ್ಲು ಬೆಳೆದ ಬಂಡೆ ಇಳಿಜಾರಿನ ಡ್ರೂರಿಯೈ. 1865ರಲ್ಲಿ ಕರ್ನಲ್ ಹೀಬರ್ ಡ್ರೂರಿ ಕಂಡ, ಹಳದಿಗೆ ಕಂದು ಗೆರೆ ಎಳೆದ ಈ ಹೂವು ಸಂಗ್ರಹಕಾರರ ಆಸೆಗೆ ಸಿಕ್ಕಿ ಅಳಿವಿನ ಅಂಚು ತಲುಪಿತು. ಕೇರಳದ ಪಾಲೋಡ್‌ನ ಸಸ್ಯೋದ್ಯಾನ ಸಂಶೋಧನಾ ಸಂಸ್ಥೆ ಪ್ರಯೋಗಾಲಯದಲ್ಲಿ ಸಸಿ ಬೆಳೆಸಿ ಅದನ್ನು ಕಾಪಾಡಲು ಹೆಣಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ದೇಶದ ಎಲ್ಲ ಪ್ಯಾಫ್ ಪ್ರಭೇದಗಳಿಗೂ ರಕ್ಷಣೆ ಕೊಟ್ಟಿದೆ. ಅಂತಾರಾಷ್ಟ್ರೀಯ ವ್ಯಾಪಾರಕ್ಕೆ ಸೈಟಿಸ್ ಒಪ್ಪಂದದ ಮೊದಲ ಅನುಬಂಧದ ಬಿಗಿ ನಿರ್ಬಂಧವೂ ಇದೆ. ಬೇರು ಹರಿದ, ಎಲೆಗೆ ಕೀಟ ಕಡಿದ ಗುರುತಿರುವ, ಹೆಸರಿನ ಚೀಟಿಯಿಲ್ಲದ ಅಗ್ಗದ ಗಿಡವನ್ನು ಯಾರಾದರೂ ಮುಂದಿಟ್ಟರೆ ಕೊಳ್ಳಬೇಡಿ.

ಸರಿಯಾದ ಗಿಡ ಸಿಕ್ಕಿ, ಸರಿಯಾದ ಮಿಶ್ರಣ ತುಂಬಿದ ಮೇಲೆ ಒಂದು ಕೆಲಸ ಬಾಕಿ ಉಳಿಯುತ್ತದೆ. ತೊಗಟೆ ಎಷ್ಟೇ ಒಳ್ಳೆಯದಿದ್ದರೂ ನಮ್ಮ ಹವೆಯಲ್ಲಿ ಎರಡು ವರ್ಷಕ್ಕಿಂತ ಹೆಚ್ಚು ಬಾಳುವುದಿಲ್ಲ, ಪಾಚಿ ಹೆಚ್ಚಿದ್ದರೆ ಒಂದೇ ವರ್ಷ. ಚೀಟಿಯಲ್ಲಿ ಗಿಡದ ಹೆಸರಿನ ಕೆಳಗೆ ಮಿಶ್ರಣ ತುಂಬಿದ ತಿಂಗಳು, ವರ್ಷವನ್ನೂ ಪೆನ್ಸಿಲ್‌ನಲ್ಲಿ ಬರೆದಿಡಿ. ಪೆನ್ನಿನ ಶಾಯಿ ನೀರಿಗೆ ಅಳಿಸಿಹೋಗುತ್ತದೆ.